ಐವತ್ತೈದಕ್ಕಾ, ಐವತ್ತೆಂಟಕ್ಕಾ?

ಹೋದ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಾಕೆ ಬಂದು ನಮ್ಮ ಜಗಲಿಯಲ್ಲಿ ಕುಳಿತರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಕಟ್ಟಿದ ಬೀಡಿಯ ಲೆಕ್ಕ ಬರೆಯುವ ಲಾಗ್ ಬುಕ್, ಆಧಾರ್, ಬ್ಯಾಂಕಿನ ಪಾಸ್‌ಬುಕ್, ರೇಷನ್ ಕಾರ್ಡ್. ಎಲ್ಲವನ್ನೂ ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟರು. "ನನಗೆ ಐವತ್ತೈದು ಆಗ್ತಾ ಬಂತು. ಪೆನ್ಷನ್ ಈಗಲೇ ತೆಗೀಬಹುದಂತೆ. ತೆಗೆಯುದಾ, ಐವತ್ತೆಂಟರವರೆಗೆ ಕಾಯುದಾ? ನೀವು ಲೆಕ್ಕ ಗೊತ್ತಿರುವವರು, ನೀವೇ ಹೇಳಿ" ಅಂದರು. ನಾನು ಮಂಗಳೂರಿನ ಒಂದು ಖಾಸಗಿ ಕಂಪೆನಿಯ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಕಳೆದವನು. ಪಿ.ಎಫ್. ಕಾಗದಗಳು ದಿನಾ ನನ್ನ ಕೈಮೇಲೆಯೇ ಹೋಗುತ್ತವೆ. ಐದು ನಿಮಿಷದಲ್ಲಿ ಉತ್ತರ ಹೇಳಬಹುದಿತ್ತು. ಆದರೆ ಬಾಯಿ ಬರಲಿಲ್ಲ. "ಮುಂದಿನ ಭಾನುವಾರ ಬನ್ನಿ, ನೋಡಿ ಹೇಳ್ತೇನೆ" ಅಂದುಬಿಟ್ಟೆ.

ಇದೇ ಜಗಲಿಯಲ್ಲಿ, ಇದೇ ಪ್ರಶ್ನೆಯನ್ನು 2009ರಲ್ಲಿ ನನ್ನ ಅಕ್ಕ ಕೇಳಿದ್ದಳು. ಆಗ ಐದು ನಿಮಿಷವೂ ತೆಗೆದುಕೊಳ್ಳದೆ ಉತ್ತರ ಹೇಳಿದ್ದೆ. ಈ ವಾರವಿಡೀ ಮನಸ್ಸಿನಲ್ಲಿ ಕೊರೆಯುತ್ತಿರುವುದು ಆ ಉತ್ತರ.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಮ್ಮದು ಕೇರಳದ ಗಡಿಯಲ್ಲಿರುವ ಮಂಜೇಶ್ವರದಿಂದ ಒಳಗೆ ಹೋಗುವ ಹಳ್ಳಿ. ಇಲ್ಲಿ ಮನೆಮನೆಯಲ್ಲೂ ಬೀಡಿ ಕಟ್ಟುತ್ತಿದ್ದರು. ಗಂಡಸರು ತೋಟಕ್ಕೋ, ಮಂಗಳೂರಿಗೋ, ಬೊಂಬಾಯಿಗೋ ಹೋದರೆ ಹೆಂಗಸರು ಮಡಿಲಲ್ಲಿ ಗೆರಸೆ ಇಟ್ಟು ಕೂತುಬಿಡುತ್ತಿದ್ದರು. ಅಕ್ಕ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹನ್ನೆರಡನೇ ವಯಸ್ಸಿಗೆ ಎಲೆ ಕತ್ತರಿಸಲು ಕೂತಳು. ಮದುವೆಯಾಗಿ ಹೋದಳು, ಗಂಡ ತೀರಿಕೊಂಡ ಮೇಲೆ ಒಂದು ಹೆಣ್ಣು ಮಗುವನ್ನು ಎತ್ತಿಕೊಂಡು ತವರಿಗೆ ಮರಳಿದಳು. ಮತ್ತೆ ಅದೇ ಮೂಲೆ, ಅದೇ ಗೆರಸೆ. ನನ್ನ ಕಾಲೇಜು ಫೀಸು, ರೈಲಿನ ಪಾಸು, ಮೊದಲ ಇಂಟರ್‌ವ್ಯೂಗೆ ಹಾಕಿಕೊಂಡು ಹೋದ ಅಂಗಿ, ಎಲ್ಲ ಆ ಗೆರಸೆಯಿಂದಲೇ ಬಂದದ್ದು.

ಆದರೆ ಲಾಗ್ ಬುಕ್ಕಿನ ಪ್ರಕಾರ ಅಕ್ಕ ಕೆಲಸ ಶುರು ಮಾಡಿದ್ದು 1996ರಲ್ಲಿ, ನಲವತ್ತೆರಡನೇ ವಯಸ್ಸಿನಲ್ಲಿ! ಅಲ್ಲಿಯವರೆಗೆ ಅವಳು ಕಟ್ಟಿದ ಬೀಡಿಯೆಲ್ಲ ಅಮ್ಮನ ಕಾರ್ಡಿನಲ್ಲಿ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗುತ್ತಿತ್ತು. ಒಂದು ಮನೆಗೆ ಒಂದು ಕಾರ್ಡು. ಅಮ್ಮ, ಮಗಳು, ಸೊಸೆ ಮೂವರೂ ಕಟ್ಟಿದರೂ ಹೆಸರು ಒಬ್ಬರದ್ದೇ. ನಮ್ಮ ಕಡೆ ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಪಿಂಚಣಿಯ ಪ್ರಶ್ನೆ ಬಂದಾಗ ಮಾತ್ರ ಸುಮಾರು ಮೂವತ್ತು ವರ್ಷದ ದುಡಿಮೆ ಯಾವ ಕಾಗದದಲ್ಲೂ ಇಲ್ಲ ಅನ್ನುವುದು ಗೊತ್ತಾಯಿತು.

ಆ ಸಂಜೆ

2009ರ ಮಳೆಗಾಲ. ನಾನು ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ. ಅಕ್ಕ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಗೆರಸೆ ಮಡಿಲಲ್ಲಿ ಇರಲಿಲ್ಲ, ಪಕ್ಕದಲ್ಲಿತ್ತು. ಅಷ್ಟು ಹೊತ್ತಿಗೆ ಅವಳ ಮಡಿಲು ಖಾಲಿ ಇದ್ದದ್ದನ್ನು ನಾನು ನೋಡಿದ್ದೇ ಕಡಿಮೆ. "ಬ್ರಾಂಚಿನಲ್ಲಿ ಹೇಳಿದ್ರು, ಐವತ್ತು ಆದವರು ಕೆಲಸ ಬಿಟ್ಟು ಪೆನ್ಷನ್ ತೆಗೀಬಹುದಂತೆ. ನನಗೆ ಐವತ್ತೈದು ಆಯ್ತಲ್ಲ. ಇನ್ನು ಕೂರ್ಲಿಕ್ಕೆ ಆಗುವುದಿಲ್ಲ ಮಾರಾಯ. ಬಿಡ್ಲಾ?" ಅಂತ ಕೇಳಿದಳು.

ನಾನು ಟವೆಲಿನಲ್ಲಿ ಮುಖ ಒರೆಸುತ್ತಲೇ, "ಬೇಡ ಬೇಡ, ಈಗ ತೆಗೆದರೆ ವರ್ಷಕ್ಕೆ ಶೇ. 4ರ ಹಾಗೆ ಕಟ್ ಮಾಡ್ತಾರೆ. ಸುಮ್ನೆ ನಷ್ಟ. ಇನ್ನು ಮೂರು ವರ್ಷ ಅಲ್ವಾ, ತಳ್ಳು" ಅಂದೆ. ಅವಳು ಮತ್ತೇನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಮಳೆ ನೋಡಿದಳು. ಆಮೇಲೆ ಗೆರಸೆಯನ್ನು ಮಡಿಲಿಗೆ ಎಳೆದುಕೊಂಡಳು. ಓದಿದ ತಮ್ಮ ಹೇಳಿದ ಮೇಲೆ ಮುಗಿಯಿತು.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನೌಕರರ ಪಿಂಚಣಿ ಯೋಜನೆ 1995ರ ನವೆಂಬರ್ 16ರಂದು ಶುರುವಾದದ್ದು. ಅದರಲ್ಲಿ ಪೂರ್ತಿ ಪಿಂಚಣಿಯ ವಯಸ್ಸು 58. ಹತ್ತು ವರ್ಷ ಸೇವೆ ಇದ್ದವರು ಕೆಲಸ ಬಿಟ್ಟಿದ್ದರೆ 50 ಆದ ಮೇಲೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು, ಆದರೆ 58ಕ್ಕೆ ಕಡಿಮೆ ಬಿದ್ದ ಒಂದೊಂದು ವರ್ಷಕ್ಕೂ ಕಡಿತ. ಮೊದಲು ಈ ಕಡಿತ ಶೇ. 3 ಇತ್ತು. 2008ರ ಸೆಪ್ಟೆಂಬರ್‌ನಲ್ಲಿ ಅದನ್ನು ಶೇ. 4 ಮಾಡಿದರು. ಅಕ್ಕ ಕೇಳಿದ್ದು ಅದಾಗಿ ಒಂದು ವರ್ಷವೂ ಆಗದ ಹೊತ್ತಿಗೆ. ಆಫೀಸಿನಲ್ಲಿ ಆ ಸುತ್ತೋಲೆಯನ್ನು ಓದಿ ಓದಿ ನನ್ನ ತಲೆಯಲ್ಲಿ "ನಾಲ್ಕು" ಅನ್ನುವ ಸಂಖ್ಯೆ ಕೂತುಬಿಟ್ಟಿತ್ತು. ಅಕ್ಕನ ಮುಖ ನೋಡುವ ಮೊದಲು ನನಗೆ ಆ ನಾಲ್ಕು ಕಂಡಿತು.

ಲೆಕ್ಕ ಮಾಡಿದ್ದು ತಡವಾಗಿ

ಈ ವಾರ ಅಕ್ಕನ ಹಳೆಯ ಕಾಗದಗಳನ್ನು ಅಟ್ಟದಿಂದ ಇಳಿಸಿದೆ. ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ಅವಳ ಸಂಬಳ 2009ರಲ್ಲಿ ಸುಮಾರು 1,700 ರೂಪಾಯಿ. ಸೇವೆ 13 ವರ್ಷ. ಸೂತ್ರ ಎಲ್ಲರಿಗೂ ಗೊತ್ತಿರುವುದೇ: ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. 316 ರೂಪಾಯಿ ಬರುತ್ತದೆ. ಐವತ್ತೈದಕ್ಕೆ ತೆಗೆದರೆ ಸುಮಾರು ಶೇ. 12 ಕಡಿತ ಆಗಿ 278. ಅಂದರೆ ನಾನು ಅಷ್ಟೊಂದು ಹೆದರಿಸಿದ ಆ ಕಡಿತದ ಬೆಲೆ ತಿಂಗಳಿಗೆ 38 ರೂಪಾಯಿ. ಪೆನ್ಸಿಲ್ ಹಿಡಿದು ಇನ್ನೊಂದು ಲೆಕ್ಕವನ್ನೂ ಮಾಡಿದೆ. ಅಕ್ಕ ಆಗಲೇ ಕೆಲಸ ಬಿಟ್ಟು ಮೂರು ವರ್ಷ ಆ 278ನ್ನು ಪಡೆದಿದ್ದರೆ ಕೈಗೆ ಹತ್ತು ಸಾವಿರ ಬರುತ್ತಿತ್ತು. ತಿಂಗಳಿಗೆ 38ರ ಹಾಗೆ ಕಳೆದುಕೊಂಡು ಆ ಹತ್ತು ಸಾವಿರ ಕರಗಬೇಕಾದರೆ ಇಪ್ಪತ್ತೆರಡು ವರ್ಷ ಬೇಕು. ಐವತ್ತೆಂಟಕ್ಕೆ ಇಪ್ಪತ್ತೆರಡು ಸೇರಿಸಿದರೆ ಎಂಬತ್ತು. ಎಂಬತ್ತು ದಾಟಿ ಬದುಕುವವರಿಗೆ ಮಾತ್ರ ಆ ಕಡಿತ ನಿಜವಾದ ನಷ್ಟ. ಅದೂ ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ ಅನ್ನುವುದನ್ನು ಬಿಟ್ಟು ಹೇಳುವ ಮಾತು. ಇವತ್ತಿನ ನೂರು ಇಪ್ಪತ್ತು ವರ್ಷ ಆದ ಮೇಲೂ ನೂರೇ. ಅಷ್ಟರಲ್ಲಿ ಅಕ್ಕಿಯ ಕ್ರಯ ಎಲ್ಲಿಗೆ ಹೋಗಿರುತ್ತದೆ ಅಂತ ಯಾರಿಗೂ ಹೇಳಬೇಕಾಗಿಲ್ಲ.

ಆದರೆ ಅಕ್ಕ ಸುಮ್ಮನೆ ಕಾಯಲಿಲ್ಲ. ಮೂರು ವರ್ಷ ಕಟ್ಟಿದಳು. ಸೇವೆ 16 ವರ್ಷ ಆಯಿತು, ಮಜೂರಿಯೂ ಸ್ವಲ್ಪ ಏರಿತು. 2012ರಲ್ಲಿ ಅವಳ ಪಿಂಚಣಿ 480 ರೂಪಾಯಿ ಅಂತ ನಿಗದಿಯಾಯಿತು. 278ರ ಎದುರಿಗೆ 480. ಈ ಎರಡು ಸಂಖ್ಯೆಗಳನ್ನು ಮಾತ್ರ ನೋಡಿದರೆ ನನ್ನ ಸಲಹೆ ಸರಿಯಾಗಿಯೇ ಇತ್ತು. ಕಾದ ಮೂರು ವರ್ಷದ ಹತ್ತು ಸಾವಿರ, ತಿಂಗಳಿಗೆ ಇನ್ನೂರು ಜಾಸ್ತಿಯ ಹಾಗೆ ನಾಲ್ಕೂ ಚಿಲ್ಲರೆ ವರ್ಷದಲ್ಲಿ ಮರಳಿ ಬಂದಿತು. ಮಜೂರಿಯ ದುಡ್ಡು ಬೇರೆ.

ಲೆಕ್ಕ ತಪ್ಪಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಲೆಕ್ಕ ಸರಿ ಇತ್ತು. ಅವಳು ಕೇಳಿದ್ದು ಲೆಕ್ಕವನ್ನಲ್ಲ. "ಕೂರ್ಲಿಕ್ಕೆ ಆಗುವುದಿಲ್ಲ" ಅಂದಿದ್ದಳು. ಬೀಡಿ ಕಟ್ಟುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಬೆನ್ನು ಬಾಗಿಸಿ, ಕುತ್ತಿಗೆ ತಗ್ಗಿಸಿ, ಒಂದು ಕಾಲು ಮಡಚಿ ಬೆಳಗಿನಿಂದ ರಾತ್ರಿಯವರೆಗೆ ಕೂರಬೇಕು. ಹೊಗೆಸೊಪ್ಪಿನ ಹುಡಿ ಮೂಗಿಗೆ ಹೋಗುತ್ತದೆ. ತುದಿ ಮಡಚಿ ಮಡಚಿ ಬೆರಳು ಸವೆಯುತ್ತದೆ. ಆ ಮೂರು ವರ್ಷದಲ್ಲಿ ಅಕ್ಕ ರಾತ್ರಿ ಗೋಡೆಗೆ ಬೆನ್ನು ಒತ್ತಿಕೊಂಡು ಕೂತಿರುತ್ತಿದ್ದಳು. ಮಲಗಿದರೆ ಕೆಮ್ಮು ಬರುತ್ತಿತ್ತು. ನಾನು ಮುಲಾಮು ತಂದುಕೊಟ್ಟಿದ್ದೇನೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೇನೆ. "ಬಿಡು ಅಕ್ಕ, ಸಾಕು" ಅಂತ ಮಾತ್ರ ಹೇಳಲಿಲ್ಲ. ತಿಂಗಳಿಗೆ ಇನ್ನೂರು ರೂಪಾಯಿಯ ವ್ಯತ್ಯಾಸ. ಆ ಇನ್ನೂರನ್ನು ನಾನೇ ಕೊಡಬಹುದಿತ್ತು. ಆಗ ನನ್ನ ಸಂಬಳದಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ.

ಮೂರನೆಯ ದಾರಿಯೂ ಒಂದಿತ್ತು. ಐವತ್ತೈದಕ್ಕೆ ಕಾರ್ಡು ಬಿಟ್ಟು ಮನೆಯಲ್ಲಿ ಇರುವುದು, ಪಿಂಚಣಿಯನ್ನು ಐವತ್ತೆಂಟಕ್ಕೆ ಕೇಳುವುದು. ಹತ್ತು ವರ್ಷ ಸೇವೆ ಆಗಿದ್ದರೆ ಇದಕ್ಕೆ ಅವಕಾಶ ಇದೆ, ಕಡಿತವೂ ಇಲ್ಲ. ನಡುವಿನ ಮೂರು ವರ್ಷ ಮನೆಯವರು ಕೈಹಿಡಿಯಬೇಕು, ಅಷ್ಟೇ. ಈ ದಾರಿ ನನಗೆ ಗೊತ್ತಿತ್ತು. ಆ ಸಂಜೆ ನೆನಪಿಗೆ ಬರಲಿಲ್ಲ. "ತೆಗೆಯುದಾ, ಕಟ್ಟುದಾ" ಅನ್ನುವ ಎರಡರಲ್ಲೇ ಇಬ್ಬರೂ ನಿಂತುಬಿಟ್ಟೆವು.

2014ರ ಸೆಪ್ಟೆಂಬರ್‌ನಲ್ಲಿ ಸರಕಾರ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿ ಮಾಡಿತು. ಅಕ್ಕನ 480 ಒಮ್ಮೆಲೇ ಸಾವಿರ ಆಯಿತು. ಅವಳಿಗೆ ತುಂಬಾ ಖುಷಿ. ಮಗಳಿಗೆ ಒಂದು ಸೀರೆ, ನನಗೆ ಒಂದು ಪಂಚೆ ತಂದಳು. ಮೂರು ವರ್ಷ ಬೆನ್ನು ಬಾಗಿಸಿ ಸೇರಿಸಿದ ಇನ್ನೂರು ರೂಪಾಯಿ ಆ ಸಾವಿರದಲ್ಲಿ ಎಲ್ಲಿದೆ ಅಂತ ಹುಡುಕಲು ಆಗುತ್ತಿರಲಿಲ್ಲ.

ಬೆರಳಚ್ಚು

ಪಿಂಚಣಿದಾರರು ವರ್ಷಕ್ಕೊಮ್ಮೆ ಬದುಕಿದ್ದೇವೆ ಅಂತ ತೋರಿಸಬೇಕು. ಮೊದಲು ಬ್ಯಾಂಕಿನಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದರೆ ಆಗುತ್ತಿತ್ತು. ಆಮೇಲೆ ಜೀವನ್ ಪ್ರಮಾಣ್ ಅನ್ನುವ ಡಿಜಿಟಲ್ ಪ್ರಮಾಣಪತ್ರ ಬಂತು, ಬೆರಳು ಒತ್ತಬೇಕಾಯಿತು. 2017ರಲ್ಲಿ ಅಕ್ಕನನ್ನು ಪೇಟೆಯ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಹುಡುಗ ಯಂತ್ರ ಮುಂದಿಟ್ಟ. ಬಲಗೈ ಹೆಬ್ಬೆರಳು ಆಗಲಿಲ್ಲ. ತೋರುಬೆರಳು ಆಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಒತ್ತಿದಳು. ಹತ್ತು ಬೆರಳೂ ಮುಗಿದವು. ಹುಡುಗ ಒಳ್ಳೆಯವನೇ. "ಅಮ್ಮ, ನಿಮ್ಮ ಬೆರಳಲ್ಲಿ ಗೆರೆಯೇ ಇಲ್ಲ" ಅಂದ. ಅಕ್ಕ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಬೀಡಿಯಲ್ಲಿ ಹೋಯ್ತು ಮಗಾ" ಅಂದಳು. ಅವಳ ದನಿಯಲ್ಲಿ ದುಃಖ ಇರಲಿಲ್ಲ. ಎಲ್ಲಿ ಹೋಯಿತು ಅಂತ ಕೇಳಿದವನಿಗೆ ಉತ್ತರ ಹೇಳಿದ ಹಾಗಿತ್ತು. ನಾಲ್ಕನೇ ದಿನ ಇನ್ನೊಂದು ಕಡೆ, ಎಡಗೈಯ ಕಿರುಬೆರಳಿನಲ್ಲಿ ಕೆಲಸ ಆಯಿತು. ಆ ಬೆರಳಿಗೆ ಬೀಡಿ ಕಟ್ಟುವಾಗ ಕೆಲಸ ಕಡಿಮೆ.

(ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಬೀಡಿ ಕಟ್ಟಿದವರ ಮನೆಯಲ್ಲಿ ಯಾರಿದ್ದರೂ ಇದನ್ನು ಹೇಳಿಕೊಡಿ. ಇನ್ನೊಂದು ವಿಷಯ: ಅಕ್ಕನ ಪಿ.ಎಫ್. ಖಾತೆ ಗಡಿಯ ಆಚೆಯದ್ದು. ಹಾಗಾಗಿ ಪಿಂಚಣಿಗೆ ಅಂತಲೇ ತಲಪಾಡಿ ದಾಟಿ ಆಚೆ ಒಂದು ಬ್ಯಾಂಕ್ ಖಾತೆ ಇಟ್ಟುಕೊಂಡಿದ್ದಳು. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಈ ಪಿಂಚಣಿ ಸಿಗುತ್ತದೆ. ನಮ್ಮಂಥ ಗಡಿಯವರಿಗೆ ಇದು ದೊಡ್ಡ ಉಪಕಾರ. ಅಕ್ಕನ ಕಾಲಕ್ಕೆ ಬರಲಿಲ್ಲ.)

2019ರಲ್ಲಿ ಅಕ್ಕ ಹೋದಳು. ಅರವತ್ತೈದು ವರ್ಷ. ಪಿಂಚಣಿ ಏಳು ವರ್ಷ ಸಿಕ್ಕಿತು. ಮಗಳಿಗೆ 25 ದಾಟಿತ್ತು, ಹಾಗಾಗಿ ಕುಟುಂಬ ಪಿಂಚಣಿ ಇಲ್ಲ. ಖಾತೆ ಅಲ್ಲಿಗೆ ಮುಗಿಯಿತು.

ಒಂದು ಬೋಗಿ, ಮೂರು ವಯಸ್ಸು

ನಾನು ಬೆಳಗ್ಗೆ ಮಂಗಳೂರಿಗೆ ಹೋಗುವ ರೈಲಿನಲ್ಲಿ ನಿವೃತ್ತಿಯ ಮಾತು ದಿನಾ ಬರುತ್ತದೆ. ನಮ್ಮ ಬೋಗಿಯಲ್ಲಿ ಕುಂಬಳೆ, ಉಪ್ಪಳ, ಮಂಜೇಶ್ವರದವರು ಇರುತ್ತೇವೆ. ಹೆಚ್ಚಿನವರು ಒಂದೇ ವಯಸ್ಸಿನವರು, ಕೆಲವರು ಒಂದೇ ಬೆಂಚಿನಲ್ಲಿ ಕೂತು ಕನ್ನಡ ಶಾಲೆಯಲ್ಲಿ ಕಲಿತವರು. ಆದರೆ ಕೇರಳದ ಸರಕಾರಿ ಶಾಲೆಯಲ್ಲಿ ಕೆಲಸದಲ್ಲಿದ್ದವರು 56ಕ್ಕೆ ನಿವೃತ್ತರಾದರು. ಅಲ್ಲಿ 2013ರ ಏಪ್ರಿಲ್ ನಂತರ ಸೇರಿದವರಿಗೆ ಮಾತ್ರ 60. ಗಡಿ ದಾಟಿ ಕರ್ನಾಟಕದ ಸರಕಾರಿ ಕೆಲಸಕ್ಕೆ ಹೋದವರಿಗೆ 60. ನನ್ನಂಥ ಖಾಸಗಿಯವರಿಗೆ 58. ನೇತ್ರಾವತಿ ಸೇತುವೆ ದಾಟುವಷ್ಟರಲ್ಲಿ ಒಬ್ಬ ಮುದುಕ ಆಗಿರುತ್ತಾನೆ, ಪಕ್ಕದಲ್ಲಿ ಕೂತವನಿಗೆ ಇನ್ನೂ ನಾಲ್ಕು ವರ್ಷ ಬಾಕಿ ಇರುತ್ತದೆ. ಇಬ್ಬರ ಮಂಡಿಯೂ ಒಂದೇ ಥರ ನೋಯುತ್ತದೆ.

ನಾವೆಲ್ಲ ಹುಟ್ಟಿದ್ದೂ ಮೇ ತಿಂಗಳಲ್ಲೇ! ಜೂನಿನಲ್ಲಿ ಶಾಲೆಗೆ ಸೇರಿಸುವಾಗ ವಯಸ್ಸು ಹೊಂದಲಿ ಅಂತ ಮೇಷ್ಟ್ರು ಮೇ ತಿಂಗಳಿನ ಒಂದು ದಿನ ಬರೆದುಬಿಡುತ್ತಿದ್ದರು. ಅದಕ್ಕೇ ಕೇರಳದಲ್ಲಿ ಪ್ರತಿ ವರ್ಷ ಮೇ 31ಕ್ಕೆ ಸಾವಿರಾರು ಜನ ಒಟ್ಟಿಗೆ ನಿವೃತ್ತರಾಗುತ್ತಾರೆ. ಅಕ್ಕನದ್ದೂ ಮೇ, ನನ್ನದೂ ಮೇ. ಅಮ್ಮನ ಪ್ರಕಾರ ಅಕ್ಕ ಹುಟ್ಟಿದ್ದು ಹಿಂದಿನ ವರ್ಷದ ದೀಪಾವಳಿಗೆ. ಅಂದರೆ 2009ರ ಆ ಮಳೆಗಾಲದಲ್ಲಿ ಅವಳಿಗೆ ಐವತ್ತೈದೂವರೆ ದಾಟಿತ್ತು. ಪಿಂಚಣಿಯ ನಿಯಮ ಮೇಷ್ಟ್ರು ಬರೆದ ದಿನಾಂಕವನ್ನು ನೋಡುತ್ತದೆ.

ಬರುವ ಮೇ ತಿಂಗಳಲ್ಲಿ ನನಗೂ ಐವತ್ತೆಂಟು ತುಂಬುತ್ತದೆ. ಕಂಪೆನಿಯವರು ಇನ್ನೂ ಎರಡು ವರ್ಷ ಇರಿ ಅಂದಿದ್ದಾರೆ. ಆಗ ಇನ್ನೊಂದು ಆಯ್ಕೆ ಎದುರಾಗುತ್ತದೆ. 2016ರಿಂದ ಪಿಂಚಣಿಯನ್ನು 60ರವರೆಗೆ ಮುಂದೂಡಬಹುದು. ಒಂದು ವರ್ಷ ಕಾದರೆ ಶೇ. 4, ಎರಡು ವರ್ಷ ಕಾದರೆ ಶೇ. 8.16 ಜಾಸ್ತಿ. ಕೇಳಲು ಚೆನ್ನಾಗಿದೆ. ಆದರೆ ಪಿಂಚಣಿಗೆ ತಿಂಗಳ ವಂತಿಗೆ ಕಟ್ಟದೆ ಸುಮ್ನೆ ಕಾದರೆ, ಬಿಟ್ಟ ಎರಡು ವರ್ಷದ ಪಿಂಚಣಿ ಮರಳಿ ಕೈಸೇರುವಾಗ ವಯಸ್ಸು ಎಂಬತ್ನಾಲ್ಕು ದಾಟಿರುತ್ತದೆ. ವಂತಿಗೆ ಕಟ್ಟುತ್ತಾ ಕಾದರೆ ಸೇವೆಯೂ ಸೇರುವುದರಿಂದ ಎಪ್ಪತ್ತು ದಾಟಿ ಕೆಲವು ವರ್ಷಕ್ಕೆ ಸರಿಹೋಗಬಹುದು. ರೈಲಿನಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. 50ರಿಂದ 58ರ ನಡುವೆ ಪಿಂಚಣಿ ಬೇಕಾದರೆ ಕೆಲಸ ಬಿಟ್ಟಿರಬೇಕು. 58 ತುಂಬಿದ ಮೇಲೆ ಹಾಗಿಲ್ಲ. ಕೆಲಸದಲ್ಲಿದ್ದುಕೊಂಡೇ ಪಿಂಚಣಿ ಪಡೆಯಬಹುದು, ಸಂಬಳವೂ ಬರುತ್ತದೆ. ನಾನು ಐವತ್ತೆಂಟಕ್ಕೇ ತೆಗೆದುಕೊಳ್ಳುವುದು ಅಂತ ತೀರ್ಮಾನಿಸಿದ್ದೇನೆ. ನಾಲ್ಕು ಸಾವಿರದ ಮೇಲೆ ಒಂದಿಷ್ಟು ಬರಬಹುದು. ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವ ನನಗೆ ಇಷ್ಟೊಂದು ದಾರಿ. ನೆಲದಲ್ಲಿ ಕೂತವಳಿಗೆ ನಾನು ಒಂದೇ ದಾರಿ ತೋರಿಸಿದ್ದೆ.

ಭಾನುವಾರ

ಪಕ್ಕದ ಮನೆಯಾಕೆಯ ಲೆಕ್ಕ ಅಕ್ಕನ ಲೆಕ್ಕದ ಹಾಗಲ್ಲ. ಈಗ ಬೀಡಿ ಸೇದುವವರು ಕಡಿಮೆ. ಬ್ರಾಂಚಿನಲ್ಲಿ ಎಲೆ ವಾರಕ್ಕೆ ಮೂರು ದಿನ, ನಾಲ್ಕು ದಿನ ಮಾತ್ರ ಸಿಗುತ್ತದೆ. 2014ರವರೆಗೆ ಕೊನೆಯ 12 ತಿಂಗಳ ಸರಾಸರಿ ಸಂಬಳದ ಮೇಲೆ ಪಿಂಚಣಿ ಲೆಕ್ಕ ಆಗುತ್ತಿತ್ತು. ಈಗ 60 ತಿಂಗಳ ಸರಾಸರಿ. ಎಲೆ ಕಡಿಮೆಯಾದರೆ ಮಜೂರಿ ಕಡಿಮೆ, ಮಜೂರಿ ಇಳಿದರೆ ಸರಾಸರಿ ಇಳಿಯುತ್ತದೆ. ಕಾದರೆ ಜಾಸ್ತಿ ಸಿಗುತ್ತದೆ ಅನ್ನುವ ಮಾತು ಅವರ ವಿಷಯದಲ್ಲಿ ನಿಲ್ಲದೆಯೂ ಇರಬಹುದು. ಬೀಡಿಯಲ್ಲಿ ಪಿ.ಎಫ್. ದರವೂ ಶೇ. 12 ಅಲ್ಲ, 10. ಧಣಿಯ ಹತ್ತರಲ್ಲಿ 8.33 ಪಿಂಚಣಿಗೆ ಹೋದರೆ ಪಿ.ಎಫ್.ಗೆ ಸೇರುವುದು 1.67 ಮಾತ್ರ. ಹಾಗಾಗಿ ಇವರಿಗೆ ಪಿ.ಎಫ್. ಗಂಟು ಚಿಕ್ಕದು, ಪಿಂಚಣಿಯೇ ದೊಡ್ಡ ಆಸರೆ.

ಇವತ್ತು ಅವರು ಹೇಳಿದ ಹೊತ್ತಿಗೇ ಬಂದರು. ನಾನು ಒಂದು ಹಾಳೆಯಲ್ಲಿ ಮೂರು ದಾರಿಗಳನ್ನೂ ಬರೆದಿಟ್ಟಿದ್ದೆ. ಈಗ ಬಿಟ್ಟು ಈಗಲೇ ತೆಗೆದರೆ ಎಷ್ಟು, ಈಗ ಬಿಟ್ಟು ಐವತ್ತೆಂಟಕ್ಕೆ ಕೇಳಿದರೆ ಎಷ್ಟು, ಅಲ್ಲಿಯವರೆಗೆ ಕಟ್ಟಿದರೆ ಎಷ್ಟು. ಹಾಳೆಯನ್ನು ಕೊಡುವ ಮೊದಲು, "ಕೂರ್ಲಿಕ್ಕೆ ಆಗ್ತದಾ?" ಅಂತ ಕೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. ಈ ಪ್ರಶ್ನೆ ಬರುತ್ತದೆ ಅಂತ ಅವರು ಅಂದುಕೊಂಡಿರಲಿಲ್ಲ. ಆಮೇಲೆ ಸೊಂಟದ ನೋವು ಹೇಳಿದರು. ಕಣ್ಣು ಮಂಜಾಗಿ ನೂಲು ಕಾಣದಿರುವುದನ್ನು ಹೇಳಿದರು. ಸೊಸೆ ಬಾಣಂತನಕ್ಕೆ ಹೋಗಿರುವುದು, ಸೊಸೈಟಿಯ ಸಾಲದ ಎರಡು ಕಂತು ಬಾಕಿ ಇರುವುದು, ಬೀಡಿ ಬಿಟ್ಟರೆ ಹಗಲು ಹೊತ್ತು ಹೇಗೆ ಕಳೆಯುವುದು ಅನ್ನುವ ಚಿಂತೆ, ಎಲ್ಲ ಬಂತು. ನಾನು ಅಕ್ಕನ ವಿಷಯ ಹೇಳಿದೆ. ಅವರಿಗೆ ಅಕ್ಕ ಗೊತ್ತು, ಇಬ್ಬರೂ ಒಟ್ಟಿಗೆ ಬ್ರಾಂಚಿಗೆ ಬೀಡಿ ಕೊಡಲು ಹೋಗುತ್ತಿದ್ದವರು. "ಅವರು ನನ್ನ ಹತ್ತಿರವೂ ಹೇಳಿದ್ರು, ತಮ್ಮ ಬೇಡ ಅಂದಿದ್ದಾನೆ ಅಂತ" ಅಂದರು. ಅಷ್ಟೇ ಅಂದು ಕಾಪಿ ಲೋಟ ಎತ್ತಿಕೊಂಡರು.

ಒಂದು ಗಂಟೆ ಕೂತೆವು. ತೀರ್ಮಾನ ಏನೂ ಆಗಲಿಲ್ಲ. ಮಗನ ಹತ್ತಿರ ಮಾತಾಡಬೇಕು ಅಂದರು. ಪಿಂಚಣಿ ಕೇಳುವ 10ಡಿ ಫಾರಂನಲ್ಲಿ ಹೆಸರು, ವಿಳಾಸ, ಬ್ಯಾಂಕ್ ಖಾತೆ, ಮೇಷ್ಟ್ರು ಬರೆದ ಹುಟ್ಟಿದ ದಿನಾಂಕ ಎಲ್ಲ ತುಂಬಿಸಿದೆವು. ಪಿಂಚಣಿ ಯಾವ ದಿನದಿಂದ ಬೇಕು ಅನ್ನುವ ಜಾಗವನ್ನು ಖಾಲಿ ಬಿಟ್ಟು, ಲಾಗ್ ಬುಕ್ಕಿನ ಒಳಗೆ ಮಡಚಿ ಇಟ್ಟುಕೊಂಡು ಹೋದರು.